ಮಾದಯ್ಯನವರ ಐದು ವರ್ಷದ ಬ್ಯಾಟರಿ

ಸತತ ಮೂರನೆಯ ಶನಿವಾರವೂ ಕಾರು ಸ್ಟಾರ್ಟ್ ಆಗಲಿಲ್ಲ.

ಬೆಳಗಿನ ಆರು ಮುಕ್ಕಾಲು. ಹೊಳೆನರಸೀಪುರದ ಅಂಚಿನಲ್ಲಿದ್ದ ಆ ಮನೆಯ ಶೆಡ್ಡಿನೊಳಗೆ ಮಾದಯ್ಯನವರು ಕೀ ತಿರುಗಿಸಿದರು. ಟಕ್ ಎಂದು ಒಂದು ಸದ್ದಾಯಿತು. ಮತ್ತೆ ಟಕ್, ಟಕ್. ಮೀಟರಿನ ಕೆಂಪು ದೀಪಗಳು ಮಂಕಾಗಿ ಮಿನುಗಿ ಆರಿಹೋದವು. ಪಕ್ಕದ ಸೀಟಿನಲ್ಲಿ ತಿಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಸೊಸೆ ಲತಾ ಮುಂದಿನ ಗಾಜಿನತ್ತಲೇ ನೋಡುತ್ತಿದ್ದಳು. ಮಾವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

ಲತಾ ಅರಕಲಗೂಡಿನ ಪ್ರೌಢಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ. ವಾರದ ಉಳಿದ ದಿನಗಳಲ್ಲಿ ಬಸ್ಸೇ ಸಾಕಿತ್ತು. ಶನಿವಾರ ಮಾತ್ರ ಬೆಳಗಿನ ಶಾಲೆ, ಎಂಟಕ್ಕೆ ಪ್ರಾರ್ಥನೆ. ಮೊದಲ ಬಸ್ಸು ಅಲ್ಲಿಗೆ ತಲುಪುವುದೇ ಎಂಟೂವರೆಗೆ. ಹಾಗಾಗಿ ಕಾರು ಮನೆಗೆ ಬಂದ ಐದು ವರ್ಷಗಳಿಂದಲೂ ಶನಿವಾರ ಅವಳನ್ನು ಶಾಲೆಗೆ ಬಿಡುವ ಕೆಲಸವನ್ನು ಮಾವನೇ ವಹಿಸಿಕೊಂಡಿದ್ದರು.

ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಮಗ ಮೋಹನ್‌ಕುಮಾರ್ ಅಂಗಳಕ್ಕೆ ಬಂದ.

"ಮತ್ತೆ ಅದೇನಾ? ಅಪ್ಪ, ನಿನ್ನೆ ಸಾಯಂಕಾಲ ಲೈಟು ಆಫ್ ಮಾಡಿದ್ಯಾ?"

"ಮಾಡಿದ್ದೆ ಕಣ್ಲಾ."

"ಎಲ್ಲಾ ಲೈಟೂ?"

"ಎಲ್ಲಾನೂ."

"ಗ್ಯಾಪಕ ಐತಾ?"

ಮಾದಯ್ಯನವರು ಕಾರಿನಿಂದ ಇಳಿದರು. ಎದುರುಮನೆಯವರನ್ನೂ ಹಾಲಿನ ಡೈರಿಗೆ ಹೊರಟಿದ್ದ ಇಬ್ಬರನ್ನೂ ಕರೆದು ಕಾರನ್ನು ಇಳಿಜಾರಿನವರೆಗೆ ತಳ್ಳಿಸಿದರು. ಎರಡನೇ ಗೇರಿನಲ್ಲಿ ಕ್ಲಚ್ಚು ಬಿಟ್ಟಾಗ ಇಂಜಿನ್ನು ಕೆಮ್ಮಿ ಎದ್ದಿತು. ಪ್ರಾರ್ಥನೆ ಮುಗಿದ ಮೇಲೆ ಶಾಲೆ ಸೇರಿದ ಲತಾ ಹಾಜರಿ ಪುಸ್ತಕದ ಮುಂದೆ ತಲೆ ತಗ್ಗಿಸಿ ನಿಂತಳು.

ಮೋಹನನ ಆ ಕೊನೆಯ ಪ್ರಶ್ನೆ ಮಾದಯ್ಯನವರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅದಕ್ಕೆ ಕಾರಣವಿತ್ತು. ಎರಡು ತಿಂಗಳ ಹಿಂದೆ ಅವರು ಕಾಫಿಗೆ ಹಾಲಿಟ್ಟು ಮರೆತು ತೋಟಕ್ಕೆ ಹೋಗಿದ್ದರು. ಪಾತ್ರೆ ಕಪ್ಪಾಗಿ, ಮನೆಯೆಲ್ಲ ಹೊಗೆ ತುಂಬಿತ್ತು. ಅದಕ್ಕಿಂತ ದೊಡ್ಡ ಕಾರಣ, ಕೊರವಂಗಲದಲ್ಲಿದ್ದ ಅವರ ಅಣ್ಣ. ಅವರು ಕೊನೆಯ ಮೂರು ವರ್ಷ ಹೆಂಡತಿಯನ್ನೇ "ನೀವು ಯಾವೂರ ಕಡೆಯವ್ರು?" ಎಂದು ಕೇಳುತ್ತಾ, ಸ್ವಂತ ಮನೆಯ ಬಾಗಿಲನ್ನು ಹುಡುಕುತ್ತಾ ತೀರಿಹೋಗಿದ್ದರು. ಅದು ಶುರುವಾದದ್ದೂ ಇಂಥ ಸಣ್ಣಪುಟ್ಟ ಮರೆವಿನಿಂದಲೇ. ಈ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಮಾದಯ್ಯನವರು ಕರೆಂಟು ಅಳೆಯುವ ಮೀಟರು ಹಿಡಿದು ಕಾರಿನ ಬಾನೆಟ್ ಎತ್ತಿದರು. ಮೂವತ್ತೆರಡು ವರ್ಷ ಹಾಸನದ ಬಸ್ ಡಿಪೋವೊಂದರ ಬ್ಯಾಟರಿ ರೂಮಿನಲ್ಲಿ ದುಡಿದ ಕೈ ಅದು. ಆಸಿಡ್ಡು ಬಿದ್ದು ತೂತಾದ ಎಷ್ಟೋ ಖಾಕಿ ಅಂಗಿಗಳನ್ನು ಹೆಂಡತಿ ಮರಿಯಮ್ಮನವರು ಹೊಲಿದುಕೊಟ್ಟಿದ್ದರು. ಬ್ಯಾಟರಿಯಲ್ಲಿ ಇರಬೇಕಾದ ಹನ್ನೆರಡೂವರೆ ವೋಲ್ಟಿತ್ತು. ಎಲ್ಲವನ್ನೂ ಆರಿಸಿ, ಒಂದು ತಂತಿ ಬಿಚ್ಚಿ, ಮೀಟರು ಸೇರಿಸಿ, ಎಲ್ಲಾದರೂ ಕರೆಂಟು ಸೋರುತ್ತಿದೆಯೇ ಎಂದು ನೋಡಿದರು. ಸೋರಿಕೆ ಇರಲಿಲ್ಲ.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಉಪ್ಸಾರು. ಮೋಹನ ತಟ್ಟೆಯ ಮುಂದೆ ಕುಳಿತವನೇ ಮಾತು ತೆಗೆದ. ಚನ್ನರಾಯಪಟ್ಟಣದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಯಾವ ಕಡತವೂ ಬಹಳ ದಿನ ಮೇಜಿನ ಮೇಲಿರಬಾರದು.

"ಅಪ್ಪ, ಬ್ಯಾಟರಿ ತಂದು ಐದು ವರ್ಷ ಆಯ್ತು. ಆಫೀಸಲ್ಲಿ ಎಲ್ರೂ ನಾಕು ವರ್ಷಕ್ಕೇ ಬದಲಾಯಿಸ್ತಾರೆ. ಹೊಸದು ಹಾಕುಸ್ಬುಡಾಣ."

"ಬ್ಯಾಟರಿ ಚೆನ್ನಾಗೈತೆ. ಇವತ್ತು ಮೀಟ್ರು ಇಕ್ಕಿ ನೋಡಿವ್ನಿ. ಇನ್ನೂ ಒಂದ್ ವರ್ಸ ಬತ್ತದೆ."

"ಚೆನ್ನಾಗಿದ್ರೆ ಶನಿವಾರ ಯಾಕೆ ಸಾಯ್ತದೆ?"

"ಅದೇ ತಿಳೀತಿಲ್ಲ."

"ಬ್ಯಾಟರಿ ಸರಿ ಇದ್ರೆ ತಪ್ಪು ಯಾರ್ದು ಅಂತ ನೀನೇ ಹೇಳು."

ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಮಾದಯ್ಯನವರು ತಟ್ಟೆಗೇ ಬಿಟ್ಟರು. ಲತಾ ಗಂಡನತ್ತ ಒಮ್ಮೆ ಕಣ್ಣು ಬಿಟ್ಟು, ಸಾರು ಬಡಿಸುವ ನೆಪದಲ್ಲಿ ಮಾವನ ಪಕ್ಕಕ್ಕೆ ಬಂದಳು.

"ಮಾವ, ಬ್ಯಾಟರಿ ಹೋಗಿದೆ ಅಂತ ಒಂದು ಮಾತು ಹೇಳ್ಬಿಡಿ. ಹೊಸದು ಬರುತ್ತೆ, ಮಾತೂ ಮುಗಿಯುತ್ತೆ."

"ಅಂಗಂತೀಯಾ ಕಣವ್ವ?" ಮಾದಯ್ಯನವರು ಮೆಲ್ಲಗೆ ಕೇಳಿದರು. "ನನ್ ತಪ್ಪ ಅದ್ರ ತಲೆ ಮ್ಯಾಲೆ ಆಕುದ್ರೆ ನನ್ ತಲೆ ಸರಿ ಓಗ್ತದಾ?"

ಮರಿಯಮ್ಮನವರು ಗಂಡ ಬಿಟ್ಟ ತುತ್ತನ್ನೇ ನೋಡುತ್ತಾ ಸೆರಗಿನಿಂದ ಮೂಗೊರೆಸಿಕೊಂಡರು.

ಆ ಶುಕ್ರವಾರ ಮಾದಯ್ಯನವರು ತೋಟದಿಂದ ಐದಕ್ಕೇ ಬಂದರು. ಕಾರನ್ನು ಶೆಡ್ಡಿಗೆ ಬಿಟ್ಟು, ಮುಂದಿನ ದೀಪ, ಹಿಂದಿನ ದೀಪ, ಫ್ಯಾನು, ರೇಡಿಯೋ ಎಂದು ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು ಮೂರು ಸಲ ಪರೀಕ್ಷಿಸಿದರು. ಮನೆಯೊಳಗೆ ಹೋಗಿ ಕೈಕಾಲು ತೊಳೆದು, ಮತ್ತೆ ಬಂದು ಇನ್ನೊಮ್ಮೆ ನೋಡಿದರು.

ಮರುದಿನ ಬೆಳಿಗ್ಗೆ ಟಕ್, ಟಕ್.

ಈ ಸಲ ಮೋಹನ ಪ್ರಶ್ನೆ ಕೇಳಲಿಲ್ಲ. ಸುಮ್ಮನೆ ಬಂದು ಕಾರು ತಳ್ಳಿದ.

ಮಧ್ಯಾಹ್ನದ ಊಟದ ಹೊತ್ತಿಗೆ ಮೊಮ್ಮಗಳು ವರ್ಷಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಿದ್ದಳು. ಪಿಯುಸಿ ಮೊದಲ ವರ್ಷದ ಹುಡುಗಿ. ಅಪ್ಪನ ಚುರುಕು, ಅಜ್ಜಿಯ ಬಾಯಿ.

"ತಾತ, ನಾಕಕ್ಕೆ ನಾಕೂ ಶನಿವಾರನೇ. ಸೋಮವಾರ, ಮಂಗಳವಾರ ಒಂದಿನಾನೂ ನಿಂತಿಲ್ಲ. ಮರೆವಿಗೂ ಟೈಮ್‌ಟೇಬಲ್ ಇರ್ತದಾ?"

"ಶನಿಕಾಟ ಅದು," ಎಂದರು ಮರಿಯಮ್ಮನವರು ತಟ್ಟನೆ. "ಗಾಡಿಗೆ ಇಡ್ಕಂಡೈತೆ. ನಾನು ನೋಡ್ಕತೀನಿ ಬುಡು."

"ಅಜ್ಜಿ, ನೀನು ಶನಿಮಹಾತ್ಮನಿಗೆ ಮೀಟರ್ ಇಡ್ತೀಯಾ?"

"ಬಾಯ್ಮುಚ್ಕಂಡು ಅನ್ನ ತಿನ್ನು."

ಮರಿಯಮ್ಮನವರು ನೋಡಿಕೊಂಡ ಫಲವೋ ಎಂಬಂತೆ ಮರುದಿನ, ಭಾನುವಾರವೂ, ಕಾರು ಸತ್ತಿತು. ಅಂದು ಚನ್ನರಾಯಪಟ್ಟಣದಲ್ಲಿ ಲತಾಳ ತಂಗಿಯ ಮಗುವಿನ ನಾಮಕರಣ. ರೇಷ್ಮೆ ಸೀರೆಯುಟ್ಟ ಇಬ್ಬರು ಹೆಂಗಸರು, ಮಡಿಲಲ್ಲಿ ಬೆಳ್ಳಿ ಬಟ್ಟಲಿನ ಉಡುಗೊರೆ, ಹಿಂದಿನ ಸೀಟಿನಲ್ಲಿ ಮುಸಿಮುಸಿ ನಗುವ ವರ್ಷಾ. ಹಿಂದಿನ ದಿನವಷ್ಟೇ ಅರಕಲಗೂಡಿಗೆ ಹೋಗಿ ಬಂದ ಗಾಡಿ! ಮೋಹನನ ತಾಳ್ಮೆ ಅಲ್ಲಿಗೆ ಕಡಿಯಿತು.

"ಕೀ ಕೊಡಪ್ಪ ಇಲ್ಲಿ."

"ಮೋಹನ, ನಾನು ನೆನ್ನೆ..."

"ನೋಡಿದ್ದೆ, ಆಫ್ ಮಾಡಿದ್ದೆ, ಎಲ್ಲಾ ಗೊತ್ತು. ಇವತ್ತು ಲೈಟು ಮರ್ತೆ, ನಾಳೆ ರೋಡಲ್ಲಿ ಬ್ರೇಕು ಮರೀತೀಯ. ಲತಾನೂ ಅದ್ರಲ್ಲೇ ಕೂತಿರ್ತಾಳೆ. ದೊಡ್ಡಪ್ಪನ್ನ ನೋಡಿಲ್ವಾ ನಾವು?"

ಮನೆಯಲ್ಲಿ ಎಂದೂ ಆಡದ ಮಾತು ಹೊರಬಿದ್ದಿತ್ತು. ಮಾದಯ್ಯನವರು ಕೀಯನ್ನು ಮಗನ ಅಂಗೈಯಲ್ಲಿಟ್ಟು, ಬಿಳಿ ಪಂಚೆಯ ನೆರಿಗೆ ಸರಿಮಾಡಿಕೊಂಡು ಒಳಗೆ ನಡೆದರು. ಉಳಿದವರು ಬಸ್ಸಿನಲ್ಲಿ ನಾಮಕರಣಕ್ಕೆ ಹೋದರು. ಅವರು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಮೋಹನ ಹಿತ್ತಲಿನ ಗೋಡೆಯ ಬಳಿ ನಿಂತು, ಹಾಸನದ ನರರೋಗ ವೈದ್ಯರೊಬ್ಬರ ಆಸ್ಪತ್ರೆಗೆ ಫೋನು ಮಾಡಿದ. ಮುಂದಿನ ಸೋಮವಾರಕ್ಕೆ ಸಮಯ ಸಿಕ್ಕಿತು. ಬರೆದುಕೊಳ್ಳಲು ಪೆನ್ನಿಲ್ಲದೆ ಅತ್ತಲಿನವರು ಹೇಳಿದ್ದನ್ನೆಲ್ಲ ಎರಡೆರಡು ಸಲ ಗಟ್ಟಿಯಾಗಿ ಹೇಳಿಕೊಂಡ. ಗೋಡೆಯ ಆಚೆ ಹಸುವಿಗೆ ಮೇವು ಕತ್ತರಿಸುತ್ತಿದ್ದ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

"ಅಪ್ಪಂಗೆ ಈಗಲೇ ಹೇಳ್ಬೇಡ," ಎಂದು ಲತಾಳಿಗೆ ತಾಕೀತು ಮಾಡಿದ. "ಸೋಮವಾರ ಬೆಳಿಗ್ಗೆ ಸೀದಾ ಕರ್ಕೊಂಡೋಗಾಣ."

"ಅದಕ್ಕಿಂತ ಮೊದಲು ಬ್ಯಾಟರಿ ತೋರಿಸ್ಬಹುದಿತ್ತು."

"ಬ್ಯಾಟರಿ ಸರಿ ಐತೆ ಅಂತ ಅವ್ರೇ ಹೇಳ್ತಾವ್ರಲ್ಲ. ಅದನ್ನ ನಂಬದಾ, ಬುಡದಾ?"

ಅಂದು ಸಂಜೆ ಕಾರನ್ನು ತಳ್ಳಿಸಿ ಎಬ್ಬಿಸಿದ ಮೇಲೆ ಆ ವಾರವೆಲ್ಲ ಮೋಹನನೇ ಸಂಜೆ ಸಂಜೆ ಕಾರನ್ನು ಸ್ವಲ್ಪ ದೂರ ಓಡಿಸಿ ತಂದು ನಿಲ್ಲಿಸಿದ. ಒಂದು ದಿನವೂ ಅದು ತಕರಾರು ಮಾಡಲಿಲ್ಲ. ಅಲ್ಲಿಗೆ ಅವನ ಅನುಮಾನ ನಂಬಿಕೆಯಾಯಿತು. ಮಾದಯ್ಯನವರು ತೋಟಕ್ಕೆ ನಡೆದೇ ಹೋದರು, ನಡೆದೇ ಬಂದರು. ಮುದ್ದೆ ಅರ್ಧಕ್ಕಿಳಿಯಿತು. ಸ್ನಾನದ ಮನೆಯಿಂದ ಹೊರಬಂದವರು ನಲ್ಲಿ ನಿಲ್ಲಿಸಿದೆನೇ ಎಂದು ಮತ್ತೆ ಒಳಗೆ ಹೋಗಿ ನೋಡುವುದನ್ನು ಲತಾ ಕಂಡಳು. ಅವರೂ ನಂಬತೊಡಗಿದ್ದರು.

ಶುಕ್ರವಾರ ಸಂಜೆ ಆರರ ಹೊತ್ತಿಗೆ ಬಸ್ಸಿಳಿದು ಬಂದ ಲತಾ ಶೆಡ್ಡಿನ ಮುಂದೆ ಮಾವನ ಚಪ್ಪಲಿ ಕಂಡು ಒಳಗೆ ಇಣುಕಿದಳು. ಕಾರು ತನ್ನ ಪಾಡಿಗೆ ನಿಂತಿತ್ತು. ಹಿಂದೆ, ಒಣಹುಲ್ಲಿನ ಹೊರೆಗಳ ಮರೆಯಲ್ಲಿ, ಬೋರಲು ಹಾಕಿದ ಕುಕ್ಕೆಯ ಮೇಲೆ ಮಾದಯ್ಯನವರು ತಲೆಗೆ ಟವೆಲ್ಲು ಹೊದ್ದು ಮುದುಡಿ ಕುಳಿತಿದ್ದರು.

"ಮಾವ, ಇಲ್ಲಿ ಯಾಕೆ ಕೂತಿದೀರಾ?"

"ಸದ್ದು ಮಾಡ್ಬ್ಯಾಡ."

"ಒಳಗೆ ಹೋಗೋಣ ಬನ್ನಿ. ಮಾವ... ಇವತ್ತು ಯಾವ ವಾರ ಗೊತ್ತಾ?"

"ಸುಕ್ರವಾರ. ನೀನು ಲತ. ನಾನು ಮಾದಯ್ಯ. ಸಾಕಾ? ಕೂತ್ಕ ಇಲ್ಲಿ."

ಬೇರೆ ದಾರಿ ಕಾಣದೆ ಲತಾ ಬ್ಯಾಗನ್ನು ಎದೆಗವಚಿ ಹುಲ್ಲಿನ ಮೇಲೆ ಕುಳಿತಳು. ಮಾದಯ್ಯನವರು ಪಿಸುಗುಟ್ಟಿದರು:

"ಡಿಪೋದಾಗೆ ಒಂದ್ ಬಸ್ಸಿನ ಬ್ಯಾಟರಿ ಇಂಗೇ ಇಳೀತಿತ್ತು. ಮೀಟ್ರು ಇಕ್ಕುದ್ರೆ ಏನೂ ಇಲ್ಲ. ಕೊನೆಗೆ ಕಾದು ಕೂತ್ಕಂಡು ನೋಡುದ್ರೆ, ಕಂಡಕ್ಟ್ರು ಬಸ್ಸಲ್ಲೇ ಮಲಿಕ್ಕಂಡು ಬೆಳ್ಗಾಗಗಂಟ ಲೈಟ್ ಆಕ್ಕತಿದ್ದ. ಮೀಟ್ರು ಏಳ್ದೇ ಇರಾದ ಕಣ್ಣು ಏಳ್ತದೆ."

"ಯಾರೂ ಬರ್ಲಿಲ್ಲ ಅಂದ್ರೆ?"

ಮಾವ ಟವೆಲ್ಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. "ಅಂಗಾರೆ ಮೋಹನ ಏಳಿದ್ದೇ ನಿಜ. ಸೋಮವಾರ ಸುಮ್ನೆ ಓಯ್ತೀನಿ."

ಸೋಮವಾರದ ವಿಷಯ ಇವರಿಗೆ ಹೇಗೆ ಗೊತ್ತು ಎಂದು ಲತಾ ಕೇಳುವಷ್ಟರಲ್ಲಿ ಶೆಡ್ಡಿನ ಚಿಲಕ ಸದ್ದಾಯಿತು.

ಹೊರಗೆ ಮುಸ್ಸಂಜೆ ಇಳಿದಿತ್ತು. ಬಾಗಿಲು ತೆರೆದು ಒಳಗೆ ಬಂದವರು ಮರಿಯಮ್ಮನವರು. ತಲೆಯಲ್ಲಿ ಒಂದು ಎಳೆ ಹೂವು, ಕೈಯಲ್ಲಿ ಕುಂಕುಮದ ಬಟ್ಟಲು. ಶೆಡ್ಡಿಗೇ ಚಿಲಕವಿದ್ದುದರಿಂದ ಕಾರಿಗೆ ಬೀಗ ಹಾಕುವ ರೂಢಿ ಆ ಮನೆಯಲ್ಲಿರಲಿಲ್ಲ. ಅವರು ಕಾರಿನ ಮುಂಬಾಗಿಲು ತೆಗೆದು, ಸ್ಟೀರಿಂಗಿಗೆ ಕುಂಕುಮವಿಟ್ಟು, ಒಳಚಾವಣಿಯತ್ತ ಕೈ ಚಾಚಿ ಒಂದು ಗುಂಡಿ ಸರಿಸಿದರು. ಚಾವಣಿಯ ಪುಟ್ಟ ದೀಪ ಹಳದಿಯಾಗಿ ಹೊತ್ತಿಕೊಂಡಿತು. ಮರಿಯಮ್ಮನವರು ಕೈಮುಗಿದರು.

"ತಾಯಿ, ಲಕ್ಷ್ಮವ್ವ, ಕತ್ಲೆ ಮಾಡ್ಬ್ಯಾಡ. ನಮ್ಮ ಯಜಮಾನ್ರ ಬುದ್ದಿ ಎಲ್ಲೂ ಓಗ್ದಂಗೆ ಕಾಪಾಡವ್ವ."

ಬಾಗಿಲು ಮುಚ್ಚಿ, ದಪ್ಪನೆಯ ಹೊದಿಕೆಯನ್ನು ಕಾರಿನ ಮೇಲೆ ನೆಲದವರೆಗೂ ಎಳೆದರು. ಬೆಳಕು ಪೂರ್ತಿ ಮರೆಯಾಯಿತು.

ಲತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಾದಯ್ಯನವರು ಕುಕ್ಕೆಯ ಮೇಲಿಂದ ಎದ್ದರು.

"ಇವ್ಳೇ, ಅದ್ನ ಯಾವಾಗ ಆರುಸ್ತೀಯೆ?"

ಮರಿಯಮ್ಮನವರ ಕೈಯಿಂದ ಬಟ್ಟಲು ಜಾರಿತು. "ಅಯ್ಯೋ, ನನ್ ಜೀವ ತೆಗುದ್ರಲ್ಲ! ಅಲ್ಲೇನ್ ಮಾಡ್ತಿದ್ದೀರಿ? ಲತಾನೂ ಅವ್ಳೆ!"

"ಕೇಳಿದ್ದಕ್ಕೆ ಏಳು. ಯಾವಾಗ ಆರುಸ್ತೀಯ?"

"ದೇವ್ರಿಗೆ ಅಂತ ಅಚ್ಚಿದ್ದ ದೀಪಾನ ನಾವಾಗೆ ಆರುಸ್ತಾರಾ? ಬೆಳಿಗ್ಗೆ ರಂಗೋಲಿಗೆ ಎದ್ದಾಗ, ಸೂರ್ಯಪ್ಪ ಬಂದ್ನಲ್ಲ ಅಂತ ತೆಗೀತೀನಿ. ಯಾಕೆ?"

"ಯಾವತ್ತಿಂದ ನಡೀತಾ ಐತೆ ಇದು?"

"ಗಾಡಿ ಮನೆಗೆ ಬಂದ್ ಸುಕ್ರವಾರದಿಂದ. ಐದು ವರ್ಸ ಆಯ್ತು. ಮನೆ ಲಕ್ಷ್ಮಿ ಅಲ್ವಾ, ಮುಸ್ಸಂಜೇಲಿ ಕತ್ಲಾಗೆ ಬುಡಾದಾ? ಓದ್ವಾರದಿಂದ ಶನಿವಾರಾನೂ ಅಚ್ತಾ ಇವ್ನಿ. ಶನಿಕಾಟ ಬುಟ್ಟೋಗ್ಲಿ ಅಂತ."

ಲತಾ ಮೊದಲು ನಕ್ಕಳು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂದು, ಯಾವುದು ನಗು ಯಾವುದು ಅಳು ಎಂದು ತಿಳಿಯದೆ ಹುಲ್ಲಿನ ಹೊರೆಗೆ ಮುಖ ಒತ್ತಿದಳು. ಮಾದಯ್ಯನವರು ಕಾರಿನ ಮೇಲೆ ಕೈಯಿಟ್ಟು ನಿಂತೇ ಇದ್ದರು. ಒಂದು ತಿಂಗಳಿಂದ ಒಳಗೆ ಹಿಡಿದಿಟ್ಟಿದ್ದ ಉಸಿರು ನಿಧಾನವಾಗಿ ಹೊರಬಂತು.

ವಿಷಯ ಅರ್ಥವಾಗಲು ಮರಿಯಮ್ಮನವರಿಗೆ ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದಾಗ ನೆಲದ ಮೇಲೆ ಕುಸಿದು ಕುಳಿತರು.

"ನಾನಾ? ನಾನಾ ನಿಮ್ಮನ್ನ ಆ ಮಾತು ಅನ್ನುಸ್ದೋಳು?"

"ಇರ್ಲಿ ಬುಡು. ನೀನು ಬೇಡ್ಕಂಡಿದ್ದೂ ನನಗೇ ಅಲ್ವಾ."

"ಐದು ವರ್ಸ ಏನೂ ಆಗ್ಲಿಲ್ವಲ್ಲ!"

"ಅಲ್ಲೇ ಇರಾದು," ಎಂದು ಮಾದಯ್ಯನವರು ಹೊದಿಕೆ ಎತ್ತಿ ದೀಪ ಆರಿಸಿದರು. "ವಯಸ್ಸಲ್ಲಿದ್ದಾಗ ರಾತ್ರಿಯೆಲ್ಲ ದೀಪ ಉರುದ್ರೂ ಬೆಳಿಗ್ಗೆ ಎದ್ದು ಗಾಡಿ ಎಳೀತಿತ್ತು. ಈಗ ಆಯ್ತಾ ಇಲ್ಲ. ಮೋಹನ ಬ್ಯಾಟರಿ ಓಗೈತೆ ಅಂದಿದ್ದೂ ಸರಿ. ನಾನು ಲೈಟ್ ಆರುಸಿವ್ನಿ ಅಂದಿದ್ದೂ ಸರಿ."

ಮೋಹನ ಮನೆಗೆ ಬಂದಾಗ ಮೂರು ಜನವೂ ಒಟ್ಟಿಗೇ ಹೇಳಲು ಹೋಗಿ ಅವನಿಗೆ ಏನೂ ತಿಳಿಯಲಿಲ್ಲ. ಕೊನೆಗೆ ವರ್ಷಾ ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದಳು. ಅವನು ಶೂ ಬಿಚ್ಚುವುದನ್ನೂ ಮರೆತು ಜಗಲಿಯ ಮೇಲೆ ಕುಳಿತ.

"ಅವ್ವ, ನೀನಾ?"

"ಬಯ್ಯಿ. ನನ್ನೇ ಬಯ್ಯಿ. ನಿಮ್ಮಪ್ಪಂಗೆ ಬಯ್ದಂಗೆ ಬಯ್ಯಿ," ಎಂದರು ಮರಿಯಮ್ಮನವರು.

ಅವನು ಯಾರನ್ನೂ ಬಯ್ಯಲಿಲ್ಲ. ಊಟಕ್ಕೆ ಕುಳಿತಾಗ ತಲೆ ಎತ್ತದೆಯೇ, "ಅಪ್ಪ, ನಾಳೆ ನೀನೇ ಓಡ್ಸು," ಎಂದ. ಸ್ವಲ್ಪ ತಡೆದು ಸೇರಿಸಿದ, "ನಾನು ಅವತ್ತು ಅಂಗೆ ಅನ್ಬಾರ್ದಿತ್ತು."

"ನೀನ್ ಅಂದಿದ್ರಲ್ಲಿ ತಪ್ಪಿಲ್ಲ ಕಣ್ಲಾ. ನಾನೇ ನಂಬ್ಬುಟ್ಟಿದ್ದೆ." ಮಾದಯ್ಯನವರು ತಟ್ಟೆ ಮುಂದೆ ತಳ್ಳಿದರು. "ಲತವ್ವ, ಇನ್ನೊಂದು ಮುದ್ದೆ ಐತಾ?"

ಶನಿವಾರ ಬೆಳಿಗ್ಗೆ ಕಾರು ಒಂದು ಸಲ ನರಳಿ, ಎರಡನೆಯ ಸಲಕ್ಕೆ ಎದ್ದಿತು. ಹಿಂದಿನ ಸೀಟಿನಲ್ಲಿದ್ದ ಮರಿಯಮ್ಮನವರು ಉಸಿರು ಬಿಟ್ಟರು. ತಿಂಗಳ ನಾಲ್ಕನೆಯ ಶನಿವಾರವಾದ್ದರಿಂದ ಮೋಹನನಿಗೂ ರಜೆ. ಲತಾಳನ್ನು ಪ್ರಾರ್ಥನೆಗೆ ಹತ್ತು ನಿಮಿಷ ಮುಂಚೆಯೇ ಶಾಲೆಗೆ ಬಿಟ್ಟು, ಮೂವರೂ ಹಾಸನದ ಬ್ಯಾಟರಿ ಅಂಗಡಿಗೆ ಹೋದರು.

"ಶನಿವಾರ ಕಬ್ಣ ತರಬಾರ್ದು," ಎಂದು ಮರಿಯಮ್ಮನವರು ದಾರಿಯಲ್ಲಿ ತಕರಾರು ತೆಗೆದಿದ್ದರು.

"ಅದ್ರೊಳಗಿರಾದು ಸೀಸ," ಎಂದು ಗಂಡ ಬಾಯಿ ಮುಚ್ಚಿಸಿದ್ದರು.

ಅಂಗಡಿಯ ಅಮರನಾಥ ಒಂದು ಯಂತ್ರದ ಎರಡು ಕ್ಲಿಪ್ಪುಗಳನ್ನು ಬ್ಯಾಟರಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಹನ್ನೆರಡರ ಮೇಲಿದ್ದ ಮುಳ್ಳು ಎಂಟಕ್ಕೆ ಕುಸಿಯಿತು.

"ನೋಡಿ ಸಾ. ಸುಮ್ನೆ ಇದ್ದಾಗ ವೋಲ್ಟು ತೋರುಸ್ತದೆ. ಭಾರ ಹಾಕುದ್ರೆ ತಾಕತ್ತಿಲ್ಲ. ನಮ್ಮ ಬಿಸಿಲಿಗೆ ಮೂರರಿಂದ ಐದು ವರ್ಷ ಬಂದ್ರೆ ಹೆಚ್ಚು. ಮೂರು ತುಂಬಿದ ಮೇಲೆ ಆರು ತಿಂಗಳಿಗೊಂದು ಸಲ ಇಲ್ಲಿಗೆ ತಂದು ಹಿಂಗೆ ನೋಡಿಸ್ಕಂಡು ಹೋಗಿ. ಕೀ ತಿರುಗಿಸ್ದಾಗ ಸೆಲ್ಫು ಎಳೆದೆಳೆದು ತಿರುಗ್ತಾ ಇದ್ರೆ ಕಾಯಲೇಬೇಡಿ."

"ನಮ್ ಕಾಲ್ದಲ್ಲಿ ಮುಚ್ಚಳ ಬಿಚ್ಚಿ ನೀರು ನೋಡ್ತಿದ್ದೋ. ಇದು ಬಾಯೇ ಬುಡಾಕಿಲ್ವಲ್ಲ," ಎಂದರು ಮಾದಯ್ಯನವರು. ಸೋಲೊಪ್ಪಿಕೊಂಡವರ ದನಿ ಅದಾಗಿರಲಿಲ್ಲ. ಹೊಸದೊಂದನ್ನು ಕಲಿತವರ ದನಿಯಾಗಿತ್ತು.

"ದೊಡ್ಡದು ಹಾಕ್ಲಾ ಸಾ? ಗಾಡೀಲಿರೋ ಅದೇ ತಟ್ಟೇಲಿ ಕೂರೋದು, ಒಂದು ಸುತ್ತು ಜಾಸ್ತಿ ತಾಕತ್ತಿಂದು ಐತೆ."

ಮಾದಯ್ಯನವರು ಹೆಂಡತಿಯತ್ತ ನೋಡಿದರು. "ಆಕು. ಮನೇಲಿ ಖರ್ಚು ಜಾಸ್ತಿ ಐತೆ. ಒಳಗಿನ ಬಲ್ಬೂ ಬದಲಾಯ್ಸು, ಕರೆಂಟು ಕಮ್ಮಿ ತಿನ್ನೋದು ಆಕು. ಸುಕ್ರವಾರ ಒಂದು ಗಳಿಗೆ ಉರೀಲಿ. ಅವ್ಳು ಅಚ್ತಾಳೆ, ನಾನು ಆರುಸ್ತೀನಿ. ಪಾಪ ಬಂದ್ರೆ ನನಗೇ ಬರ್ಲಿ."

ಮರಿಯಮ್ಮನವರು ಮುಖ ತಿರುಗಿಸಿಕೊಂಡು ನಕ್ಕರು.

ಮೋಹನ ಹಣ ಕೊಡಲು ಒಳಗೆ ಹೋದಾಗ ಸೀಟಿನ ಮೇಲಿದ್ದ ಅವನ ಫೋನು ಬಡಿದುಕೊಂಡಿತು. ಮಾದಯ್ಯನವರೇ ಎತ್ತಿಕೊಂಡರು. ಆಸ್ಪತ್ರೆಯ ಹುಡುಗಿಯೊಬ್ಬಳ ದನಿ: ಮಾದಯ್ಯ ಎನ್ನುವ ರೋಗಿಯನ್ನು ಸೋಮವಾರ ಕರೆತರುತ್ತೀರಾ, ವೇಳೆ ಮತ್ತು ಕೊಠಡಿ ನೆನಪಿದೆಯೇ ಎಂದು ವಿಚಾರಿಸಿತು. ರಸೀದಿ ಹಿಡಿದು ಅಂಗಡಿಯಿಂದ ಹೊರಬಂದ ಮೋಹನ, ಅಪ್ಪನ ಕಿವಿಯಲ್ಲಿ ತನ್ನ ಫೋನು ಕಂಡು ಮೆಟ್ಟಿಲ ಮೇಲೇ ನಿಂತುಬಿಟ್ಟ.

"ಮಾದಯ್ಯನೇ ಮಾತಾಡ್ತಾ ಇರಾದು ಕಣವ್ವ," ಎಂದರು ಅವರು ಗೋಡೆಯ ಗಡಿಯಾರ ನೋಡಿ ಹೇಳುವಷ್ಟು ನಿರಾಳವಾಗಿ. "ಸೋಮವಾರ, ಅನ್ನೊಂದು ಇಪ್ಪತ್ತು. ಎಲ್ಡನೇ ಅಂತಸ್ತು, ಆರನೇ ರೂಮು. ಟೋಕನ್ನು ಅದಿನಾಕು. ಡಾಕ್ಟ್ರ ಅಳೇ ಚೀಟಿ ಇದ್ರೆ ತರಬೇಕು, ಬೆಳಿಗ್ಗೆ ತಿಂಡಿ ತಿಂದೇ ಬರಬೇಕು. ಗೋಡೆ ಆಚೆ ಮೇವು ಕತ್ತರುಸ್ತಾ ಕೇಳಿದ್ದು, ಎಲ್ಲಾ ಗ್ಯಾಪಕ ಐತೆ. ಅದುಕ್ಕೇ ನಾನು ಬರಾಕಿಲ್ಲ."